ಸುಣ್ಣದ ಕೆಳಗಿನ ಬಾಣ

ನಗರದ ಎಂಜಿನಿಯರಿಂಗ್ ಇಲಾಖೆಯಲ್ಲಿ ಲೆವೆಲ್ಲಣ್ಣ ಎಂದರೆ ಗೊತ್ತಿಲ್ಲದವರಿಲ್ಲ. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಯಾರ ಬಾಯಿಗೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತನಗಿಂತ ಉದ್ದದ ಅಳತೆಪಟ್ಟಿಯನ್ನು ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತಿ, ಎಲ್ಲಿ ಎತ್ತರ, ಎಲ್ಲಿ ತಗ್ಗು, ನೀರು ಯಾವ ಕಡೆ ಹರಿಯುತ್ತದೆ ಎಂದು ಲೆವೆಲ್ಲು ಹಿಡಿದು ನೋಡುವುದೇ ಅವನ ಕೆಲಸವಾಗಿತ್ತು. ಹೆಸರು ಆಗ ಅಂಟಿಕೊಂಡದ್ದು. ಈಗ ಮೇಲ್ವಿಚಾರಕನಾಗಿದ್ದಾನೆ, ಪಟ್ಟಿ ಹೊರಲು ಬೇರೆಯವರಿದ್ದಾರೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಇಲಾಖೆಗೆ ಬರುವ ದೂರುಗಳಿಗೆಲ್ಲ ಒಂದೊಂದು ಸಿದ್ಧ ಉತ್ತರವಿತ್ತು. ರಸ್ತೆಯಲ್ಲಿ ಗುಂಡಿ ಬಿದ್ದಿದೆ ಎಂದರೆ ಅದು ನೀರಿನವರು ಅಗೆದದ್ದು. ನೀರಿನವರನ್ನು ಕೇಳಿದರೆ ಕರೆಂಟಿನವರು ಅಗೆದದ್ದು. ಕರೆಂಟಿನವರನ್ನು ಕೇಳಿದರೆ ಫೋನಿನವರು. ಫೋನಿನವರನ್ನು ಕೇಳೋಣವೆಂದರೆ ಅವರು ಫೋನು ಎತ್ತುತ್ತಿರಲಿಲ್ಲ. ಮನೆಯೊಳಗೆ ಮಳೆನೀರು ನುಗ್ಗುತ್ತಿದೆ ಎಂದು ಯಾರಾದರೂ ಬಂದರೆ, ಅದಕ್ಕೂ ಒಂದು ಉತ್ತರ: ‘ನಿಮ್ಮ ಮನೆ ಮೊದಲಿಂದಲೂ ತಗ್ಗಿನಲ್ಲಿದೆ.’ ಮನೆ ಕಟ್ಟಿದವನದೇ ತಪ್ಪು, ಇಲಾಖೆಯದಲ್ಲ. ಈ ಉತ್ತರವನ್ನು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆದರೆ ಎಲ್ಲರಿಗಿಂತ ಚೆನ್ನಾಗಿ ಅದು ಒಪ್ಪುತ್ತಿದ್ದದ್ದು ಲೆವೆಲ್ಲಣ್ಣನ ಬಾಯಿಗೆ. ಹೆಸರಿನಲ್ಲೇ ಲೆವೆಲ್ಲು ಇರುವವನು ತಗ್ಗು ಎಂದಮೇಲೆ ಜನ ಸುಮ್ಮನಾಗುತ್ತಿದ್ದರು.

ಅಸಲು ಸಂಗತಿ ಬೇರೆ. ರಸ್ತೆಗೆ ಹೊಸ ಡಾಂಬರು ಹಾಕುವ ಮುಂಚೆ ಹಳೆಯ ಪದರವನ್ನು ಕೆರೆದು ತೆಗೆಯಬೇಕು. ಆಗಲೇ ರಸ್ತೆ ಇದ್ದ ಎತ್ತರದಲ್ಲೇ ಇರುತ್ತದೆ. ಈ ನಿಯಮ ಇಲಾಖೆಯಲ್ಲಿ ಕಸ ಗುಡಿಸುವವಳಿಗೂ ಗೊತ್ತು. ಆದರೆ ಕೆರೆಯುವ ಯಂತ್ರ ಇಡೀ ನಗರಕ್ಕೆ ಒಂದೇ. ಅದು ದೊಡ್ಡ ದೊಡ್ಡ ರಸ್ತೆಗಳ ಮೇಲೆ ಮೆರೆಯುತ್ತಿತ್ತೇ ಹೊರತು ಸಣ್ಣ ಬೀದಿಗಳ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಸಣ್ಣ ಬೀದಿಗಳಲ್ಲಿ ಹಳೆಯದರ ಮೇಲೇ ಹೊಸದು, ಹಾಸಿಗೆಯ ಮೇಲೆ ಹಾಸಿಗೆ ಹಾಸಿದಂತೆ. ಪ್ರತಿಸಲವೂ ಕೂಲಿಯವರು ಲೆವೆಲ್ಲಣ್ಣನ ಮುಖ ನೋಡುತ್ತಿದ್ದರು. ಪ್ರತಿಸಲವೂ ಅವನು “ಸದ್ಯಕ್ಕೆ ನಡಿಯುತ್ತೆ, ಹಾಕ್ರೋ” ಎನ್ನುತ್ತಿದ್ದ. ರಸ್ತೆ ನಾಲ್ಕು ಬೆರಳು ಏರಿದರೆ ಯಾರ ಗಂಟು ಹೋಗುತ್ತದೆ? ಹಾಗೆ ಏರುತ್ತ ಏರುತ್ತ ಎಷ್ಟೋ ಬೀದಿಗಳಲ್ಲಿ ಮೆಟ್ಟಿಲುಗಳು ನೆಲದೊಳಗೆ ಹೋದವು. ಬಾಗಿಲಿಗೆ ಹತ್ತಿಕೊಂಡು ಹೋಗುತ್ತಿದ್ದ ಜನ ಇಳಿದುಕೊಂಡು ಹೋಗತೊಡಗಿದರು.

ಅಂಥ ಬೀದಿಗಳಲ್ಲೊಂದರಲ್ಲಿ ಅವನ ಅಕ್ಕನ ಮನೆಯಿತ್ತು.

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ಸಾಲಾಗಿ ನೇತುಹಾಕಿದ ಗಿರಾಕಿಗಳ ಬಟ್ಟೆ. ಕುತ್ತಿಗೆಯಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರೇ ಇಲ್ಲ. ಗಂಡ ತೀರಿಕೊಂಡ ಮೇಲೆ ಆ ಯಂತ್ರವೇ ಅವಳನ್ನು ಸಾಕಿದ್ದು. ರಸ್ತೆ ಏರಿದ ಮೇಲೆ ನೆಲಕ್ಕೆ ಹತ್ತಿರವಿದ್ದ ಅವಳ ಗಿಡ್ಡ ಕಿಟಕಿಗೆ ದಾರಿಹೋಕರ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು. ಅದನ್ನೂ ಅವಳು ತಮಾಷೆ ಮಾಡಿಕೊಂಡಿದ್ದಳು. ಚಪ್ಪಲಿ ನೋಡಿಯೇ “ಬನ್ನಿ ಮೇಷ್ಟ್ರೇ, ನಿಮ್ಮ ಪ್ಯಾಂಟು ರೆಡಿಯಾಗಿದೆ” ಎಂದು ಒಳಗಿಂದಲೇ ಕೂಗುತ್ತಿದ್ದಳು. ಹೊರಗೆ ತೆರೆಯುವ ಬಾಗಿಲು ರಸ್ತೆಗೆ ತಾಗುತ್ತದೆಂದು ಬಡಗಿಯನ್ನು ಕರೆಸಿ ಎರಡು ಸಲ ಅದರ ಬುಡ ಕೊಯ್ಯಿಸಿದ್ದಳು. ಆದರೆ ಹೋದ ಮಳೆಗಾಲದಲ್ಲಿ ನೀರು ಒಳಗೆ ನುಗ್ಗಿ, ಹೊಲಿಯಲು ಕೊಟ್ಟಿದ್ದ ಒಂದು ಮೂಟೆ ಬಟ್ಟೆ ಕೊಚ್ಚೆಯಲ್ಲಿ ನೆನೆದುಹೋಯಿತು. ಆವತ್ತು ಅವಳಿಗೆ ತಮಾಷೆ ಬರಲಿಲ್ಲ.

“ಇನ್ನೊಂದು ಸಲ ಡಾಂಬರು ಹಾಕಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ ಕಣೋ,” ಎಂದು ತಮ್ಮನಿಗೆ ಹೇಳಿದಳು.

“ನೋಡ್ತೀನಿ ಅಕ್ಕ,” ಎಂದ ಅವನು. ನೋಡಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ, ಕೇಳುವ ಪೈಕಿ ಅವಳಲ್ಲ.

ಅವಳು ಕೇಳುವ ಪೈಕಿ ಅಲ್ಲ, ಕೊಡುವ ಪೈಕಿ. ಚಿಕ್ಕಂದಿನಲ್ಲಿ ಅವನು ಪಕ್ಕದ ಮನೆಯವರ ಗಾಜು ಒಡೆದರೆ, ಅಪ್ಪನ ಗಡಿಯಾರ ಬಿಚ್ಚಿ ಹಾಳುಮಾಡಿದರೆ, ಅಪ್ಪ ಬೆಲ್ಟು ಬಿಚ್ಚುವ ಹೊತ್ತಿಗೆ ಅಕ್ಕ ನಡುವೆ ಬರುತ್ತಿದ್ದಳು. “ಅವನಲ್ಲಪ್ಪ, ನಾನು.” ಏಟು ಅವಳ ಬೆನ್ನಿಗೆ. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದವನು ಅವನು. ಆಮೇಲೆ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಿದ್ದ. ಅವಳು “ನೋವೇನಿಲ್ಲ ಬಿಡು” ಎನ್ನುತ್ತಿದ್ದಳು. ಅವನು ಬಿಡುತ್ತಿದ್ದ. ಹಾಗೆ ಬಿಡುವುದು ಅವನಿಗೆ ಚಿಕ್ಕಂದಿನಿಂದಲೂ ರೂಢಿಯಾಗಿತ್ತು.

ಅಕ್ಕನ ಮನೆಯ ಗೋಡೆಯ ಮೇಲೆ, ಬಾಗಿಲ ಪಕ್ಕದಲ್ಲಿ, ಒಂದು ಕೆಂಪು ಬಾಣದ ಗುರುತಿತ್ತು. ಆ ಬೀದಿಗೆ ಮೊತ್ತಮೊದಲು ಡಾಂಬರು ಹಾಕುವಾಗ ಲೆವೆಲ್ಲಣ್ಣನೇ ಬರೆದದ್ದು. ಕೆಲಸ ಶುರುಮಾಡುವ ಮುಂಚೆ ಅಲುಗಾಡದ ಜಾಗ ಒಂದನ್ನು ಹಿಡಿದು, ಅಲ್ಲಿ ಗುರುತು ಹಾಕಿ, ಉಳಿದ ಎತ್ತರವನ್ನೆಲ್ಲ ಅದರಿಂದ ಲೆಕ್ಕ ಹಾಕುವುದು ಇಲಾಖೆಯ ಪದ್ಧತಿ. ದೀಪದ ಕಂಬವನ್ನೋ ಸೇತುವೆಯ ಕಟ್ಟೆಯನ್ನೋ ಹಿಡಿಯಬಹುದಿತ್ತು. ಹೊಸ ಕೆಲಸದ ಹುಮ್ಮಸ್ಸು, ಅಕ್ಕನ ಮನೆಯ ಗೋಡೆಯನ್ನೇ ಹಿಡಿದ. ಬಾಣದ ಪಕ್ಕದಲ್ಲಿ ‘ರಸ್ತೆ ೩ ಅಡಿ ಕೆಳಗೆ’ ಎಂದು ದುಂಡಗೆ ಬರೆದ. ಆಗ ಅದು ಅಕ್ಕನ ಸೊಂಟದ ಎತ್ತರಕ್ಕಿತ್ತು, ಬಾಗಿಲಿಗೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು.

ಅಕ್ಕನಿಗೆ ಆ ಗುರುತೆಂದರೆ ಜೀವ. ಸುಣ್ಣ ಬಳಿಯುವವರು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು, “ಅದೊಂದನ್ನ ಬಿಟ್ಟು ಬಳೀರಪ್ಪ, ನನ್ನ ತಮ್ಮ ಬರ್ದಿರೋದು” ಎನ್ನುತ್ತಿದ್ದಳು. ಬಣ್ಣ ಮಾಸಿದರೆ ತಾನೇ ಸಣ್ಣ ಕುಂಚದಿಂದ ತೀಡುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ತೋರಿಸಿ, “ಈ ಊರಿನ ರಸ್ತೆ ಎಲ್ಲ ಇಲ್ಲಿಂದ ಅಳೆದು ಹಾಕಿರೋದು” ಎಂದು ಸ್ವಲ್ಪ ಜಾಸ್ತಿಯೇ ಕೊಚ್ಚಿಕೊಳ್ಳುತ್ತಿದ್ದಳು. ಆ ಬಾಣ ಈಗ ರಸ್ತೆಯಿಂದ ಒಂದೂವರೆ ಗೇಣು ಎತ್ತರದಲ್ಲಿತ್ತು. ಅದು ಅಲ್ಲೇ ಇತ್ತು, ರಸ್ತೆ ಅದರ ಹತ್ತಿರಕ್ಕೆ ಬಂದಿತ್ತು.

ಆ ಬೀದಿಗೆ ಮತ್ತೆ ಡಾಂಬರು ಹಾಕುತ್ತಾರೆಂಬ ಸುದ್ದಿ ಬಂದಾಗ ಬೀದಿಯವರು ಒಟ್ಟಾಗಿ ದೂರು ಕೊಟ್ಟರು. ಇಲಾಖೆಗೆ ಹೊಸದಾಗಿ ಬಂದ ಎಂಜಿನಿಯರ್ ಮೇಡಂಗೆ ಸ್ಥಳ ನೋಡದೆ ಉತ್ತರ ಬರೆಯುವುದು ಸೇರುತ್ತಿರಲಿಲ್ಲ. ಅವರು ಲೆವೆಲ್ಲಣ್ಣನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಯಾವ ಬೀದಿ ಎಂದು ಅವನಿಗೆ ಗೊತ್ತಾದದ್ದು ಜೀಪು ತಿರುವಿನಲ್ಲಿ ತಿರುಗಿದಾಗ.

ಮೂಲೆಯ ಇಸ್ತ್ರಿ ಅಂಗಡಿಯವನು, ನಿವೃತ್ತ ಮೇಷ್ಟ್ರು, ಇನ್ನೂ ಹಲವರು ಕಾದು ನಿಂತಿದ್ದರು. ಅಕ್ಕ ತನ್ನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಯಾರದೋ ಮನೆಯ ದೊಡ್ಡ ಪರದೆಗೆ ಅಂಚು ಹೊಲಿಯುತ್ತ ಕೂತಿದ್ದಳು. ತಮ್ಮನನ್ನು ಕಂಡು ಅವಳ ಮುಖ ಅರಳಿತು. ಅವಳ ಪಕ್ಕದ ಗೋಡೆಯಲ್ಲಿ ಕೆಂಪು ಬಾಣ ಫಳಫಳ ಹೊಳೆಯುತ್ತಿತ್ತು. ಬೆಳಿಗ್ಗೆಯೇ ತೊಳೆದು ಒರೆಸಿದ್ದಳೆಂದು ನೋಡಿದರೇ ಗೊತ್ತಾಗುತ್ತಿತ್ತು. “ನನ್ನ ತಮ್ಮ ಬಂದು ತೋರಿಸ್ತಾನೆ, ನೀವು ಯಾರೂ ಬಾಯಿ ಹಾಕ್ಬೇಡಿ” ಎಂದು ಬೀದಿಗೆಲ್ಲ ಹೇಳಿಟ್ಟಿದ್ದಳಂತೆ. ಇದು ಅವನಿಗೆ ಆಮೇಲೆ ತಿಳಿಯಿತು.

ಮೇಡಂ ಬೀದಿಯ ಉದ್ದಕ್ಕೂ ಒಮ್ಮೆ ಓಡಾಡಿ ಬಂದರು. “ರಸ್ತೆ ಎತ್ತರ ಆಗಿದೆಯೋ, ಮನೆಗಳನ್ನೇ ತಗ್ಗಲ್ಲಿ ಕಟ್ಟಿದ್ದೋ, ಹೇಗೆ ಹೇಳೋದು? ಎತ್ತರ ಆಗಿದ್ರೆ ಕೆರೆಯೋ ಯಂತ್ರ ತರಿಸ್ಲೇಬೇಕು. ನೀವೇ ಹೇಳಿ, ಇಲ್ಲಿನ ಕೆಲಸ ಎಲ್ಲ ನೀವೇ ನೋಡ್ಕೊಂಡಿದ್ದಲ್ವಾ?”

ಕೇಳಿದ್ದು ವಿಶ್ವಾಸದಿಂದಲೇ. ಆದರೆ ಅವನಿಗೆ ಕೇಳಿಸಿದ್ದು ಕಡೆಯ ಮಾತು ಮಾತ್ರ. ಎತ್ತರ ಆಗಿದೆ ಎಂದರೆ, ಎತ್ತರ ಮಾಡಿದ್ದು ಯಾರು? ಪ್ರತಿಸಲವೂ ‘ಹಾಕ್ರೋ’ ಎಂದದ್ದು ಯಾರು? ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿದ್ದ ಮಾತು ತಾನಾಗಿಯೇ ಹೊರಗೆ ಬಿತ್ತು.

“ಈ ಬೀದಿ ಮನೆಗಳು ಮೊದಲಿಂದ್ಲೂ ತಗ್ಗು ಮೇಡಂ.”

ಇಸ್ತ್ರಿಯವನು ಸಿಡಿದ. “ಏನ್ ಸ್ವಾಮಿ ಹೀಗಂತೀರಿ? ನೀವೇ ಬರ್ದಿರೋ ಗುರುತಿದೆಯಲ್ಲ ಟೈಲರಕ್ಕನ ಗೋಡೆ ಮೇಲೆ! ಮೂರಡಿ ಕೆಳಗೆ ರಸ್ತೆ ಅಂತ! ಬನ್ನಿ ಮೇಡಂ, ತೋರಿಸ್ತೀನಿ.”

ಎಲ್ಲರೂ ಅಕ್ಕನ ಮನೆಯ ಕಡೆ ತಿರುಗಿದರು. ಲೆವೆಲ್ಲಣ್ಣನೂ ತಿರುಗಿದ. ಅಕ್ಕ ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ಕೋಪವಿರಲಿಲ್ಲ. ಅಪ್ಪ ಬೆಲ್ಟಿಗೆ ಕೈ ಹಾಕಿದಾಗ ಅವಳ ಮುಖ ಹೇಗಾಗುತ್ತಿತ್ತೋ ಹಾಗಾಗಿತ್ತು. ಅವಳು ಸ್ಟೂಲನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂತಳು. ಮೇಡಂ ಹತ್ತಿರ ಬರುವ ಮುಂಚೆಯೇ ತೊಡೆಯ ಮೇಲಿದ್ದ ಪರದೆಯನ್ನು ಕೊಡವಿ ಇಳಿಬಿಟ್ಟಳು. ಅದು ಬಾಣವಿದ್ದ ಗೋಡೆಯನ್ನು ಮುಚ್ಚಿಕೊಂಡು ನೆಲದವರೆಗೆ ಬಿತ್ತು.

“ಆ ಗುರುತಾ? ಅದೆಲ್ಲಿದೆ ಈಗ,” ಎಂದಳು ಸೂಜಿಯಿಂದ ಕಣ್ಣೆತ್ತದೆ. “ಸುಣ್ಣ ಬಳಿದಾಗ ಹೊರಟುಹೋಯ್ತು. ನನ್ನ ತಮ್ಮ ಹೇಳಿದ್ದು ಸರಿ. ನಾವು ಮೊದಲಿಂದ್ಲೂ ತಗ್ಗಲ್ಲೇ ಇದ್ದೀವಿ.”

ಟೈಲರಕ್ಕ ಸುಳ್ಳು ಹೇಳಿದ್ದನ್ನು ಆ ಬೀದಿ ಕಂಡಿರಲಿಲ್ಲ. ಬಟ್ಟೆ ಕೆಟ್ಟರೆ ಕೆಟ್ಟಿತು ಎನ್ನುವವಳು, ನಾಳೆ ಕೊಡುತ್ತೇನೆಂದರೆ ನಾಳೆ ಕೊಡುವವಳು. ಮೇಷ್ಟ್ರು ಪಿಳಿಪಿಳಿ ಕಣ್ಣುಬಿಟ್ಟರು. ಇಸ್ತ್ರಿಯವನು ಪರದೆಯನ್ನು ನೋಡಿದ, ಅಕ್ಕನನ್ನು ನೋಡಿದ, ಕೊನೆಗೆ ಲೆವೆಲ್ಲಣ್ಣನನ್ನು ನೋಡಿದ. ಹೆಂಗಸಿನ ತೊಡೆಯ ಮೇಲಿನ ಬಟ್ಟೆ ಎಳೆದು ತೋರಿಸಲಾದೀತೇ? ಅವನು ತನ್ನ ಅಂಗಡಿಗೆ ನಡೆದ. “ಹಾಗಾದ್ರೆ ಕೆರೆಯೋದು ಬೇಡ,” ಎಂದು ಮೇಡಂ ಜೀಪು ಹತ್ತಿದರು. ಲೆವೆಲ್ಲಣ್ಣ ಹಿಂದಿನ ಸೀಟಿನಲ್ಲಿ ಮುದುರಿ ಕೂತ. ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬಚಾವಾದ ಖುಷಿ ಬರಬೇಕಿತ್ತು, ಬರಲಿಲ್ಲ. ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದ. ಹೆಂಡತಿ “ಏನಾಯ್ತು?” ಎಂದರೆ “ಬಿಸಿಲು” ಎಂದ. ಮಾರನೆಯ ದಿನ ಮಧ್ಯಾಹ್ನ ಕಚೇರಿಯಿಂದ ಹೊರಬಿದ್ದು ಅಕ್ಕನ ಮನೆಗೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲ ಹತ್ತಿರ ಬರುತ್ತಲೇ ಮರೆತುಹೋಯಿತು.

ಬಾಣವಿರಲಿಲ್ಲ. ಮಾಸಿದ ಗೋಡೆಯ ಮೇಲೆ ಒಂದು ಮೊರದಷ್ಟಗಲ ಹೊಸ ಸುಣ್ಣ ಬೆಳ್ಳಗೆ ಕಾಣುತ್ತಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ.

ಅವನು ತಲೆ ತಗ್ಗಿಸಿ ಒಳಗಿಳಿದ. ಅಕ್ಕನ ಬೆರಳುಗಳ ಸಂದಿಯಲ್ಲಿ ಸುಣ್ಣ ಉಳಿದಿತ್ತು. ಅವಳು ಏನೂ ಆಗಿಲ್ಲವೆಂಬಂತೆ ಟೀ ಇಟ್ಟಳು.

“ಯಾಕಕ್ಕ ಹೀಗೆ ಮಾಡ್ದೆ?”

“ಸುಣ್ಣ ಬಳಿದಾಗ ಹೋಯ್ತು ಅಂದಿದ್ನಲ್ಲ, ಅದಕ್ಕೇ ಬಳ್ದೆ. ಆಡಿದ ಮಾತು ಅಷ್ಟಾದ್ರೂ ನಿಜ ಆಗ್ಲಿ ಅಂತ.”

“ನಾಳೇನೇ ಮೇಡಂ ಹತ್ರ ಹೋಗಿ ನಿಜ ಹೇಳ್ತೀನಿ. ರಸ್ತೆ ಎತ್ತರ ಮಾಡಿದ್ದು ನಾನು ಅಂತ ಹೇಳ್ತೀನಿ.”

ಅಕ್ಕ ಲೋಟ ಕೆಳಗಿಟ್ಟಳು. “ಹೇಳು. ಆಮೇಲೆ ನಾನು ಬೀದೀಲಿ ಮುಖ ಎಲ್ಲಿಟ್ಕೊಳ್ಲಿ? ಅಷ್ಟು ಜನದ ಮುಂದೆ ಹೇಳಿದೀನಿ. ನೀನು ನಿಜ ಹೇಳಿದ್ರೆ ನಾನು ಸುಳ್ಳುಗಾರ್ತಿ ಆಗ್ತೀನಿ. ಅದೂ ನೀರು ಬೀದಿಯವರ ಮನೆಗೂ ನುಗ್ಗುತ್ತೆ ಅಂತ ಗೊತ್ತಿದ್ದೂ ಹೇಳಿದವಳು.” ಬೆರಳ ಸಂದಿಯ ಸುಣ್ಣ ಉಜ್ಜುತ್ತ, “ಇಸ್ತ್ರಿಯವನು ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ” ಎಂದಳು.

“ಅಕ್ಕ…”

“ಹೋಗ್ಲಿ ಬಿಡು. ನೋವೇನಿಲ್ಲ.”

ಆ ಮಾತು ಕೇಳಿ ಅವನಿಗೆ ನಿಂತ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಐವತ್ತು ದಾಟಿದ ಗಂಡಸು, ಇಲಾಖೆಯಲ್ಲಿ ನಾಲ್ಕು ಜನ ಎದ್ದು ನಿಲ್ಲುವಷ್ಟು ಮರ್ಯಾದೆ ಇರುವವನು, ಇನ್ನೂ ಬಾಗಿಲ ಸಂದಿಯಲ್ಲೇ ನಿಂತಿದ್ದ. ಟೀ ಕುಡಿಯಲಾಗಲಿಲ್ಲ. ಹೊರಗೆ ಬರುವಾಗ ಇಸ್ತ್ರಿ ಅಂಗಡಿಯ ಮುಂದೆಯೇ ಹಾದುಬರಬೇಕಿತ್ತು. ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒತ್ತುತ್ತಲೇ, “ಅಂಥ ಅಕ್ಕ ನಿಮ್ಮ ಯೋಗ್ಯತೆಗೆ ಜಾಸ್ತಿ ಸ್ವಾಮಿ” ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಲಸದ ದಿನ ಬಂತು. ಡಾಂಬರಿನ ಲಾರಿ ಹೊಗೆಯಾಡುತ್ತ ತಿರುವಿನಲ್ಲಿ ನಿಂತಿತು, ಹಿಂದೆ ರೋಲರು. ಕೂಲಿಯವರು ಗೋಣಿಚೀಲ ಸುತ್ತಿದ ಕಾಲುಗಳಲ್ಲಿ ಸಾಲಾಗಿ ನಿಂತರು. ಬೀದಿಯವರು ತಂತಮ್ಮ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು, ಯಾರೂ ಜಗಳಕ್ಕೆ ಬರಲಿಲ್ಲ. ಅಕ್ಕನ ಬಾಗಿಲು ಮಾತ್ರ ಮುಚ್ಚಿತ್ತು. ಒಳಗಿಂದ ಯಂತ್ರದ ಸದ್ದು ಬರುತ್ತಿತ್ತು.

“ಲೆವೆಲ್ಲು ಎಲ್ಲಿಂದ ಹಿಡಿಯೋಣ?” ಎಂದು ಮೇಡಂ ಕೇಳಿದರು. ಪಟ್ಟಿ ಹಿಡಿದವನು ದೀಪದ ಕಂಬದ ಕಡೆ ಹೊರಟಿದ್ದ.

“ತಡಿಯಪ್ಪ,” ಎಂದ ಲೆವೆಲ್ಲಣ್ಣ.

ಅವನು ಸೀದಾ ಇಸ್ತ್ರಿ ಅಂಗಡಿಗೆ ಹೋಗಿ ಕೈ ಚಾಚಿದ. “ಒದ್ದೆ ಬಟ್ಟೆ ಇದ್ರೆ ಕೊಡಿ.” ಇಸ್ತ್ರಿಯವನು ಅವನ ಮುಖವನ್ನೇ ನೋಡಿ, ನೀರು ಚಿಮುಕಿಸಲು ಇಟ್ಟುಕೊಂಡಿದ್ದ ಒದ್ದೆ ಚಿಂದಿಬಟ್ಟೆಯನ್ನು ಕೊಟ್ಟ.

ಬಾಣವಿದ್ದ ಜಾಗ ಎಷ್ಟು ಕೆಳಗಿತ್ತೆಂದರೆ ಅವನು ಮಂಡಿಯೂರಬೇಕಾಯಿತು. ಬಿಸಿಲಿಗೆ ಕಾದಿದ್ದ ರಸ್ತೆ ಪ್ಯಾಂಟಿನ ಮೂಲಕ ಸುಟ್ಟಿತು. ಸುಣ್ಣ ತಿಕ್ಕಿದ. ಅಕ್ಕ ಎರಡು ಸಲ ಬಳಿದಿದ್ದಳು, ಬೇಗ ಬಿಡಲಿಲ್ಲ. ಮೊದಲು ಕಂಡದ್ದು ಬಾಣದ ತುದಿ, ಆಮೇಲೆ ಮೂರು ಎಂಬ ಅಂಕಿ. ಬೀದಿಯವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಮೇಡಂ ಬಂದು ಹಿಂದೆ ನಿಂತರು.

“ಇದು ನಾನು ಬರ್ದಿದ್ದು ಮೇಡಂ,” ಎಂದ ಅವನು, ಗೋಡೆಯ ಕಡೆಗೇ ಮುಖ ಮಾಡಿಕೊಂಡು. “ಆಗ ರಸ್ತೆ ಇಲ್ಲಿಂದ ಮೂರಡಿ ಕೆಳಗಿತ್ತು. ಮನೆಗಳು ತಗ್ಗಲ್ಲಿರ್ಲಿಲ್ಲ. ಪ್ರತಿಸಲ ಕೆರೀದೆ ಹಾಕಿಸಿದ್ದು ನಾನು. ಅವತ್ತು ಸುಳ್ಳು ಹೇಳ್ದೆ.”

“ಆದ್ರೆ ಅವರೂ ಅದನ್ನೇ ಹೇಳಿದ್ರಲ್ಲ?” ಮೇಡಂ ಮುಚ್ಚಿದ ಬಾಗಿಲ ಕಡೆ ನೋಡಿದರು.

ಇದಕ್ಕೆ ಅವನು ಸಿದ್ಧನಾಗಿ ಬಂದಿದ್ದ.

“ಅದೂ ನಾನೇ ಮೇಡಂ. ಮುಂಚೆನೇ ಬಂದು ಹೀಗೆ ಹೇಳು ಅಂತ ಅಕ್ಕನ್ನ ಬಲವಂತ ಮಾಡಿದ್ದೆ. ಬೇಡ ಅಂದ್ಲು. ಕೆಲಸ ಹೋಗುತ್ತೆ ಅಂತ ಹೆದರಿಸ್ದೆ. ಸುಣ್ಣ ಬಳ್ಸಿದ್ದೂ ನಾನೇ. ಅವಳದ್ದೇನೂ ತಪ್ಪಿಲ್ಲ.”

ಮೇಷ್ಟ್ರು “ಥೂ” ಎಂದರು. ಯಾರೋ ಹಿಂದಿನಿಂದ “ಒಡಹುಟ್ಟಿದವಳ ಕೈಲಿ ಹೀಗೆ ಮಾಡಿಸ್ತಾರಾ?” ಎಂದರು. ಕೂಲಿಯವರು ಮುಖ ಮುಖ ನೋಡಿಕೊಂಡರು. ಅವನಿಗೆ ತನ್ನ ಬೆನ್ನಿನ ಮೇಲೆ ಅಷ್ಟೂ ಕಣ್ಣುಗಳು ನೆಟ್ಟಿರುವುದು ಗೊತ್ತಾಗುತ್ತಿತ್ತು. ಮೇಡಂ ಲಾರಿಯವನಿಗೆ ವಾಪಸ್ ಹೋಗಲು ಕೈಸನ್ನೆ ಮಾಡಿದರು. “ಕೆರೆಯೋ ಯಂತ್ರ ಬರೋವರ್ಗೂ ಇಲ್ಲಿ ಕೆಲಸ ಬೇಡ. ನೀವು ನಾಳೆ ನನ್ನ ರೂಮಿಗೆ ಬನ್ನಿ,” ಎಂದರು. ಇಷ್ಟು ದಿನ ಅವರ ಮಾತಿನಲ್ಲಿದ್ದ ವಿಶ್ವಾಸ ಈಗಿರಲಿಲ್ಲ.

ಅಷ್ಟರಲ್ಲಿ ಯಂತ್ರದ ಸದ್ದು ನಿಂತಿತು.

ಮಂಡಿಯೂರಿ ಕೂತಿದ್ದವನ ಕಣ್ಣಿಗೆ ಪಕ್ಕದ ಕಿಟಕಿಯ ಕೆಳಗಿನ ಸಂದಿಯಲ್ಲಿ ಒಳಗಿನದು ಕಾಣುತ್ತಿತ್ತು. ಅಕ್ಕನ ಮುಖ ಕಾಣಲಿಲ್ಲ, ಯಂತ್ರದ ಪೆಡಲಿನ ಮೇಲಿದ್ದ ಪಾದಗಳು ಕಂಡವು. ಅವು ನಿಂತಿದ್ದವು. ಎಲ್ಲ ಕೇಳಿಸಿಕೊಂಡಿದ್ದಾಳೆ. ಒಂದು ಪಾದ ಪೆಡಲಿನಿಂದ ಇಳಿದು ನೆಲ ಮುಟ್ಟಿತು. ಈಗ ಎದ್ದು ಬರುತ್ತಾಳೆ, ಬಾಗಿಲು ತೆಗೆಯುತ್ತಾಳೆ, ‘ಅವನಲ್ಲ, ನಾನು’ ಎನ್ನುತ್ತಾಳೆ. ಬೇಡ ಅಕ್ಕ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಒದ್ದೆ ಬಟ್ಟೆಯನ್ನು ಹಿಂಡಿ ಹಿಡಿದು ಕಾದ.

ಪಾದ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಮೇಲೆದ್ದು ಪೆಡಲಿನ ಮೇಲೆ ಕೂತಿತು, ಯಂತ್ರದ ಸದ್ದು ಮತ್ತೆ ಶುರುವಾಯಿತು. ಈ ಸಲ ಅಕ್ಕ ನಡುವೆ ಬರಲಿಲ್ಲ.